ದಾವೀದನ ಕೀರ್ತನೆ, ದಾಸರ ಪದ: ಕಿರುಪ್ರಬಂಧ ಪ್ರಸಂಗ ಆಗದ ಹಾಗೆ ಬರೆಯುವುದು ಹೇಗೆ?

ವಿರಾಜಪೇಟೆ ಎಂ.ಎ.
ಎಲ್ಲರಿಗೂ ನಮಸ್ಕಾರ. ಎಂ.ಎ. ಕನ್ನಡ, ಕೊನೆಯ ಸೆಮಿಸ್ಟರ್. ಬೈಬಲ್ಲಿನ ಕೀರ್ತನೆಗಳಲ್ಲೂ ಹರಿದಾಸರ ಪದಗಳಲ್ಲೂ ಬರುವ ದೂರು, ಮೊರೆ ಇವುಗಳ ಮೇಲೆ 50 ಪುಟದ ಕಿರುಪ್ರಬಂಧ ಬರೆಯಬೇಕು. ವಿಷಯ ತುಂಬ ಹರಡಿಕೊಂಡಿದೆ, ಬರವಣಿಗೆ ಭಾನುವಾರ ಚರ್ಚಿನಲ್ಲಿ ಮಾಡುವ ಪ್ರಸಂಗದ ಧಾಟಿಗೆ ಹೋಗುತ್ತಿದೆ ಅಂತ ಗೈಡ್ ಹೇಳುತ್ತಾರೆ. ಎಲ್ಲಿ ಕತ್ತರಿಸಬೇಕು? ಬೈಬಲ್ಲನ್ನು ಉಲ್ಲೇಖಿಸುವ ಕ್ರಮ ಯಾವುದು? ಕೊಡಗಿನ ಎಳೆ ಏನಾದರೂ ಸಿಗುತ್ತದಾ? ನಂಬಿಕೆಯನ್ನು ಹೊರಗಿಟ್ಟು ಬರೆಯಲು ಮಾತ್ರ ಮನಸ್ಸಿಲ್ಲ.

ಮಡಿಕೇರಿ ಮೇಷ್ಟ್ರು
ಕೀರ್ತನೆಗಳು ಒಟ್ಟು 150. ಅಷ್ಟನ್ನೂ ಹಿಡಿಯಲು ಹೋದರೆ 50 ಪುಟದಲ್ಲಿ ಸಾರಾಂಶ ಬಿಟ್ಟು ಬೇರೇನೂ ಉಳಿಯುವುದಿಲ್ಲ. 13, 22, 88 ಈ ಮೂರು ಸಾಕು. ದಾಸರ ಕಡೆಯಿಂದಲೂ ಮೂರೇ ಪದ ತೆಗೆದುಕೊಳ್ಳಿ.

13ನೆಯ ಕೀರ್ತನೆಯಿಂದ ಶುರು ಮಾಡಿ, ಇರುವುದೇ ಆರು ವಚನ. ಮೊದಲ ಎರಡರಲ್ಲಿ ಕೀರ್ತನಕಾರ ದೇವರನ್ನು 'ಇನ್ನೆಷ್ಟು ಕಾಲ' ಎಂದು ನಾಲ್ಕು ಸಲ ಕೇಳುತ್ತಾನೆ. 3 ಮತ್ತು 4ರಲ್ಲಿ ಬೇಡಿಕೆ, 5 ಮತ್ತು 6ರಲ್ಲಿ ಭರವಸೆ. ದೂರಿನಿಂದ ಭರವಸೆಗೆ ದಾಟುವ ಜಾಗದಲ್ಲಿ ಕಾರಣ ಹೇಳುವ ಒಂದು ಮಾತೂ ಇಲ್ಲ. ನಿಮ್ಮ ಮೊದಲ ಅಧ್ಯಾಯ ಆ ಖಾಲಿ ಜಾಗದ ಬಗ್ಗೆಯೇ ಇರಲಿ. 88ರಲ್ಲಿ 18 ವಚನ ಕಳೆದರೂ ಆ ತಿರುವು ಬರುವುದೇ ಇಲ್ಲ, ಕತ್ತಲಲ್ಲೇ ನಿಲ್ಲುತ್ತದೆ.

ಇಂಥ ಪ್ರಬಂಧಗಳು ದಾರಿ ತಪ್ಪುವುದು ಹೆಚ್ಚಾಗಿ ನಿಂದಾಸ್ತುತಿಯ ಹತ್ತಿರ. ಪುರಂದರದಾಸರ 'ಆರು ಬದುಕಿದರಯ್ಯ ಹರಿ ನಿನ್ನ ನಂಬಿ' ಕೇಳಲು ದೂರಿನ ಹಾಗೇ ಇದೆ. ಆದರೆ ನಿಂದಾಸ್ತುತಿಯಲ್ಲಿ ಬೈಗುಳದ ಒಳಗೇ ಹೊಗಳಿಕೆ ಕೂತಿರುತ್ತದೆ, ಕೇಳುವವರಿಗೂ ಅದು ಗೊತ್ತು. 88ರ ಮಾತಿಗೆ ಅಂಥ ಎರಡನೆಯ ಪದರ ಇಲ್ಲ, ಅಲ್ಲಿರುವುದು ನೇರ ದೂರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ. ಒಂದು ನಿಂದಾಸ್ತುತಿ, ಎರಡು ನೇರ ಮೊರೆಯ ಪದ, ಹೀಗೆ ಆರಿಸಿ, ವ್ಯತ್ಯಾಸವನ್ನು ನೀವೇ ಮೊದಲು ಹೇಳಿಬಿಡಿ.

ಅಂಕಿತದ, ಅಂದರೆ ದಾಸರು ಪದದಲ್ಲಿ ಇಡುವ ಮುದ್ರೆಯ ಹೆಸರಿನ ವಿಚಾರದಲ್ಲೂ ಹುಷಾರು. ಪದದ ಕೊನೆಯ ಚರಣದಲ್ಲಿ 'ಪುರಂದರವಿಠಲ' ಪದ್ಯದ ಒಳಗೇ ಇರುತ್ತದೆ. 'ದಾವೀದನ ಕೀರ್ತನೆ' ಎಂಬುದು ಪದ್ಯದ ಹೊರಗಿನ ತಲೆಬರಹ, ಕರ್ತೃತ್ವಕ್ಕೆ ಅದೊಂದೇ ಸಾಕ್ಷಿ ಸಾಲದು. 'ದಾವೀದ ಹೇಳುತ್ತಾನೆ' ಎನ್ನುವ ಬದಲು 'ಕೀರ್ತನಕಾರ ಹೇಳುತ್ತಾನೆ' ಎಂದು ಬರೆಯಿರಿ.

ಸಿದ್ದಾಪುರ ಸಭೆ
ಮೇಷ್ಟ್ರು ಹೇಳಿದ್ದಕ್ಕೆ ಸಭೆಯ ಕಡೆಯಿಂದ ಒಂದು ಮಾತು. ನಂಬಿಕೆ ಬಿಡಬೇಕಾಗಿಲ್ಲ, ಅವಸರ ಬಿಟ್ಟರೆ ಸಾಕು. ನಮ್ಮವರು 22ನೆಯ ಕೀರ್ತನೆ ಓದಿದ ಕೂಡಲೇ ಶಿಲುಬೆಗೆ ಹೋಗುತ್ತಾರೆ. ಯೇಸು ಶಿಲುಬೆಯ ಮೇಲೆ ಅದರ ಮೊದಲ ಸಾಲನ್ನೇ ಕೂಗಿದ್ದು ಮತ್ತಾಯ 27:46ರಲ್ಲೂ ಮಾರ್ಕ 15:34ರಲ್ಲೂ ಇದೆ, ಅದನ್ನು ಬರೆಯಲೇಬೇಕು. ಆದರೆ ಮೊದಲು ಆ ಪದ್ಯವನ್ನು ಇಸ್ರಾಯೇಲ್ಯನೊಬ್ಬನ ನೋವಾಗಿ ಕೊನೆಯವರೆಗೆ ಓದಿ, ಸುವಾರ್ತೆಯ ಓದನ್ನು ಪ್ರತ್ಯೇಕ ಭಾಗವಾಗಿ ಇಡಿ. ದಾಸರ ಪದ ನೆರಳು, ಬೈಬಲ್ ನಿಜ ಎಂಬಂಥ ಮೆಟ್ಟಿಲು ಕಟ್ಟಬೇಡಿ. ಅದು ದಾಸರಿಗೂ ಅನ್ಯಾಯ, ಹೋಲಿಸಿ ನೋಡುವ ಕೆಲಸವೂ ಅಲ್ಲಿಗೇ ನಿಂತುಹೋಗುತ್ತದೆ.

ಬಲ್ಮಠ ಹಳೆ ಪುಸ್ತಕ
ಉಲ್ಲೇಖ: ಪುಟಸಂಖ್ಯೆ ಬೇಡ, 'ಕೀರ್ತನೆ 13:1–2' ಸಾಕು. ಯಾವ ಅನುವಾದ, ಯಾವ ವರ್ಷದ ಮುದ್ರಣ ಎಂಬುದನ್ನು ಮೊದಲ ಅಡಿಟಿಪ್ಪಣಿಯಲ್ಲೇ ಹೇಳಿ, ಕೊನೆಯವರೆಗೆ ಅದನ್ನೇ ಬಳಸಿ. ಮೊಬೈಲ್ ಆ್ಯಪಿನಿಂದ ನಕಲು ಮಾಡಿದರೆ ಅಚ್ಚಿನ ಪ್ರತಿಯ ಜೊತೆ ಸಾಲುಸಾಲಾಗಿ ತಾಳೆ ನೋಡಬೇಕು. ಹಳೆಯ ಕಥೋಲಿಕ ಪುಸ್ತಕಗಳು ಲ್ಯಾಟಿನ್ ಕ್ರಮದವು. ಅಲ್ಲಿ 9 ಮತ್ತು 10 ಸೇರಿ ಒಂದೇ ಆಗಿರುವುದರಿಂದ ನಿಮ್ಮ 13 ಅವರ 12, 22 ಅವರ 21, 88 ಅವರ 87. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ ಮತ್ತು ಅರ್ಕಾವತ್ತನ್ನು ಇನ್ನೊಮ್ಮೆ ನೋಡಿ.

ಕೊಡಗಿನ ಎಳೆ ಸಿಗುತ್ತದೆ, ಗಟ್ಟಿಯಾಗಿಯೇ ಸಿಗುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಕೆಲವೇ ವರ್ಷಗಳಲ್ಲಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದ. 1850ರ ದಶಕದಲ್ಲಿ ಕೊಡಗಿಗೆ ಬಂದ, 1855ರಲ್ಲಿ ಕೊಡಗಿನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಬೈಬಲ್ ಸಾರಲು ಬಂದವನೇ ದಾಸರ ಪದ ಅಚ್ಚು ಹಾಕಿಸಿದ್ದು ನಿಮ್ಮ ಪೀಠಿಕೆಗೆ ಹೇಳಿ ಮಾಡಿಸಿದ ವಿಷಯ. ಮೂಲ ನೋಡಲು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಇದೆ. ಹೋಗುವ ಮೊದಲು ಗೈಡ್ ಸಹಿಯ ಪತ್ರ ಇಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಸಂಪಾಜೆ ಘಾಟಿಯನ್ನು ನಂಬಿ ದಿನ ಗೊತ್ತು ಮಾಡಬೇಡಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ಲಿನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಕ್ಕಟೆ ಸಿಗುತ್ತವೆ, ಮೊದಲು ಅಲ್ಲಿ ಹುಡುಕಿ.

ವಿರಾಜಪೇಟೆ ಎಂ.ಎ.
ತುಂಬ ಉಪಕಾರವಾಯಿತು ಸರ್. ಜರ್ಮನ್ ಮಿಷನರಿ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಬದುಕನ್ನು ಪದ್ಯದಲ್ಲಿ ಹೇಳಿದ್ದಾನಲ್ಲ, ಅದನ್ನೂ ಒಂದು ಅಧ್ಯಾಯವಾಗಿ ಸೇರಿಸಬಹುದಾ?

ಮಡಿಕೇರಿ ಮೇಷ್ಟ್ರು
ಬೇಡ. ಅದು ಕಥನ, ನಿಮ್ಮದು ಮೊರೆ. ಜೊತೆಗೆ ಛಂದಸ್ಸಿನ ಕೆಲಸವೇ ಬೇರೆ ಬೀಳುತ್ತದೆ. ಭಾಮಿನಿ ಷಟ್ಪದಿಯನ್ನೇ ನೋಡಿ: 1, 2, 4, 5ನೆಯ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23, ನಡಿಗೆ ಮೂರು ನಾಲ್ಕರದು. ಅದರಲ್ಲಿ 'ಯೆರೂಸಲೇಮ' ಎಂಬ ಹೆಸರು ಕೂರಿಸಲು ಹೋದರೆ ಲೆಕ್ಕ ಸರಿಯಾಗುತ್ತದೆ, ಯೆರೂ 3, ಸಲೇಮ 4. ಆದರೆ ಎರಡು ಗಣವೂ ಲಘು-ಗುರುವಿನಿಂದ ಶುರುವಾಗುತ್ತವೆ, ಷಟ್ಪದಿಯಲ್ಲಿ ಅದು ನಿಷಿದ್ಧ. ನಾಗವರ್ಮನ ಛಂದಸ್ಸನ್ನು ತಾನೇ ಸಂಪಾದಿಸಿ 1875ರಲ್ಲಿ ಅಚ್ಚು ಹಾಕಿಸಿದ ಕಿಟ್ಟೆಲ್ ಇಂಥ ಹೆಸರುಗಳನ್ನು ತನ್ನ ಪದ್ಯದಲ್ಲಿ ಹೇಗೆ ನಡೆಸಿದ್ದಾನೆ ಎಂಬುದನ್ನು ಪದ್ಯಪದ್ಯಕ್ಕೂ ಪ್ರಸ್ತಾರ ಹಾಕಿಯೇ (ಲಘು ಗುರು ಗುರುತಿಸಿಯೇ) ನೋಡಬೇಕು. ಮುಂದೆ ಪಿಎಚ್.ಡಿ. ಮಾಡುವುದಾದರೆ ಅದನ್ನು ಎತ್ತಿಕೊಳ್ಳಿ. ಈಗ 13ನೆಯ ಕೀರ್ತನೆಯ ಹತ್ತು ಪುಟ ಬರೆದು ಗೈಡ್‌ಗೆ ತೋರಿಸಿ.