ಮೀಸಲಾತಿ, 371ಜೆ: ವಕೀಲರನ್ನು ಕೇಳಿ

(371ಜೆ ಅಂದರೆ ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಓದಿನಲ್ಲಿ ಸ್ಥಳೀಯ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ. ಕೇಳಿದವರ ಹೆಸರಿನ ಬದಲು ಅವರ ಊರು ಕೊಟ್ಟಿದೆ.)

ಸೇಡಂ: ಮೇಡಂ ನಮಸ್ಕಾರ. ನನ್ನ ಹತ್ರ ನಿವಾಸಿ ಪ್ರಮಾಣಪತ್ರ ಇದೆ. 371ಜೆ ಕೋಟಾಕ್ಕೆ ಅಷ್ಟೇ ಸಾಕಾ?

ವಕೀಲರು: ನಮಸ್ಕಾರ. ಸಾಕಾಗಲ್ಲ ತಮ್ಮಾ. 371ಜೆ ಅರ್ಹತಾ ಪ್ರಮಾಣಪತ್ರವೇ ಬೇರೆ. ಅದನ್ನು ಕೊಡುವವರು ನಿಮ್ಮ ಉಪವಿಭಾಗದ ಎಸಿ, ಅಂದರೆ ಸಹಾಯಕ ಆಯುಕ್ತರು. ಹುಟ್ಟಿದ ಊರು, ಓದಿದ ಶಾಲೆಯ ದಾಖಲೆ ಎಲ್ಲಾ ಜೋಡಿಸಿಕೊಂಡು ಹೋಗಿ.

ಔರಾದ್: ಅಕ್ಕಾ, ನನ್ನ ತವರು ತೆಲಂಗಾಣದ ಜಹೀರಾಬಾದ್. ಮಾದಿಗರು. ಮದುವೆಯಾಗಿ ಇಲ್ಲಿಗೆ ಬಂದೆ, ಗಂಡನೂ ಅದೇ ಜಾತಿ. ಕರ್ನಾಟಕದ ಹುದ್ದೆಗೆ ಎಸ್‌ಸಿ ಅಂತ ಅರ್ಜಿ ಹಾಕಬಹುದಾ?

ವಕೀಲರು: ಇದನ್ನು ಸ್ವಲ್ಪ ನಿಧಾನವಾಗಿ ಓದಿ ತಂಗಿ, ಗಡಿ ಭಾಗದಲ್ಲಿ ಎಷ್ಟೋ ಹೆಣ್ಣುಮಕ್ಕಳು ಇಲ್ಲೇ ಸಿಕ್ಕಿಬೀಳುತ್ತಾರೆ. ಎಸ್‌ಸಿ ಪಟ್ಟಿ ಆಯಾ ರಾಜ್ಯಕ್ಕೆ ಸೇರಿದ್ದು. ಮಾದಿಗ ಅನ್ನುವ ಹೆಸರು ಎರಡೂ ರಾಜ್ಯದ ಪಟ್ಟಿಯಲ್ಲಿದೆ, ಆದರೂ ನೀವು ತೆಲಂಗಾಣದ ಎಸ್‌ಸಿ. ಮದುವೆಯಿಂದ ಅದು ಇಲ್ಲಿಗೆ ಬರಲ್ಲ. ಒಂದು ರಾಜ್ಯದ ಎಸ್‌ಸಿ ಇನ್ನೊಂದು ರಾಜ್ಯದ ನೌಕರಿಯಲ್ಲಿ ಮೀಸಲಾತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೂ ಹೇಳಿದೆ. ಇಲ್ಲಿ ಸಾಮಾನ್ಯ ವರ್ಗದಲ್ಲಿ ಹಾಕಿ. ರೈಲ್ವೆಯಂಥ ಕೇಂದ್ರದ ಕೆಲಸಕ್ಕೆ ಮಾತ್ರ ನಿಮ್ಮ ಎಸ್‌ಸಿ ನಡೆಯುತ್ತದೆ, ಅದನ್ನು ಬಿಡಬೇಡಿ. ಮಕ್ಕಳ ಬಗ್ಗೆ ಚಿಂತೆ ಬೇಡ, ಅವರಿಗೆ ತಂದೆಯ ಕಡೆಯಿಂದ ಇಲ್ಲೇ ಸಿಗುತ್ತದೆ.

ಹುಮನಾಬಾದ್: ಇದೆಂಥ ನ್ಯಾಯ ಮೇಡಂ? 1956ರ ತನಕ ಔರಾದ್, ಜಹೀರಾಬಾದ್ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ವು.

ವಕೀಲರು: ನಿಮ್ಮ ಸಿಟ್ಟು ಸರಿ, ನನಗೂ ಇದೆ. ಆದರೆ ಅರ್ಜಿಯಲ್ಲಿ ಸಿಟ್ಟು ತುಂಬೋಕೆ ಕಾಲಂ ಇಲ್ಲ.

ಆಳಂದ: ಫಾರ್ವರ್ಡ್ ಬಂದಿದೆ ನೋಡಿ. "ಮದುವೆ ಸರ್ಟಿಫಿಕೇಟ್ ಜೊತೆ ನೋಟರಿ ಅಫಿಡವಿಟ್ ಕೊಟ್ಟರೆ ಹೆಂಡತಿಗೆ ಗಂಡನ ಜಾತಿ ಸರ್ಟಿಫಿಕೇಟ್. ಎಲ್ಲರಿಗೂ ಹಂಚಿ."

ವಕೀಲರು: ಈಗಲೇ ಅಳಿಸಿ. ಜಾತಿ ಹುಟ್ಟಿನಿಂದ, ನೋಟರಿ ಸೀಲಿನಿಂದಲ್ಲ. ಸುಳ್ಳು ಸರ್ಟಿಫಿಕೇಟಿನಿಂದ ಸಿಕ್ಕ ನೌಕರಿ ಎಷ್ಟು ವರ್ಷ ಮಾಡಿದ್ದರೂ ಉಳಿಯಲ್ಲ, 2017ರ ತೀರ್ಪು ಇದೆ. ಮೇಲೆ ಕ್ರಿಮಿನಲ್ ಕೇಸು. ಹಂಚಿದವರು ಯಾರೂ ಜಾಮೀನಿಗೆ ಬರಲ್ಲ.

ಶಹಾಪುರ: 371ಜೆ ಬಂದ ಮೇಲೂ ಜಾತಿ ಮೀಸಲಾತಿ ಯಾಕೆ? ಈ ಕಡೆಯವರೆಲ್ಲ ಹಿಂದುಳಿದವರೇ ಅಲ್ವಾ.

ಸುರಪುರ: ಊರು ಹಿಂದುಳಿದಿರೋದು ಬೇರೆ, ಜಾತಿ ನೋಡಿ ದೂರ ನಿಲ್ಲಿಸೋದು ಬೇರೆ. ನಮ್ಮೂರ ಹೋಟೆಲಿನಲ್ಲಿ ನಮ್ಮವರ ಲೋಟ ಇವತ್ತಿಗೂ ಹೊರಗಿನ ಗೂಡಲ್ಲಿರುತ್ತೆ. ಕುಡಿದವರೇ ತೊಳೆದಿಡಬೇಕು. ನಿಮ್ಮ ಲೋಟ ಎಲ್ಲಿರುತ್ತೆ?

ಶಹಾಪುರ: ಎಲ್ಲದಕ್ಕೂ ಜಾತಿ ತರಬೇಡಿ. ರಾಜ್ಯದ ಉಳಿದ ಭಾಗದ ಹುದ್ದೆಗಳಲ್ಲಿ 371ಜೆಯವರಿಗೆ ಬರೀ 8 ಪರ್ಸೆಂಟ್, ಆ ಮಾತಾಡಿ.

ಸುರಪುರ: ತಂದವರು ನೀವೇ ರೀ. ಮೇಲೆ ಓದಿ.

ವಕೀಲರು: ಶಹಾಪುರ, ಸುರಪುರ, ಇಬ್ಬರೂ ಸ್ವಲ್ಪ ನಿಲ್ಲಿಸಿ. 371ಜೆ ಬಂದಿದ್ದು ಜಾತಿ ಮೀಸಲಾತಿಯನ್ನು ತೆಗೆದುಹಾಕೋಕೆ ಅಲ್ಲ. ಇಲ್ಲಿನ ಗ್ರೂಪ್ ಸಿ ಹುದ್ದೆಯಲ್ಲಿ 80 ಪರ್ಸೆಂಟ್ ಸ್ಥಳೀಯರಿಗೆ. ಎಸ್‌ಸಿ, ಎಸ್‌ಟಿ, ಪ್ರವರ್ಗಗಳ ಹಂಚಿಕೆ ಆ 80ರ ಒಳಗೂ ಇರುತ್ತದೆ.

ಶಹಾಪುರ: ನೀವೂ ಅವರ ಕಡೆನೇ ಬಿಡಿ.

ವಕೀಲರು: ನಿಯಮದ ಕಡೆ. ಸಾಕು ಇನ್ನು.

ಜೇವರ್ಗಿ: 371ಜೆ ಎಲ್ಲಿ ಮಾಡಿಸ್ಬೇಕು ಮೇಡಂ?

ವಕೀಲರು: ಮೇಲಿದೆ.

ಅಫಜಲಪುರ: ನಿವಾಸಿ ಸರ್ಟಿಫಿಕೇಟ್ ನಡೆಯಲ್ವಾ?

ವಕೀಲರು: ಮೊದಲ ಉತ್ತರವೇ ಅದು. ಓದದೆ ಕೇಳಬೇಡಿ.

ಔರಾದ್: ಅಕ್ಕಾ, ಹಾಗಾದರೆ ರೈಲ್ವೆ ಅರ್ಜಿಗೆ ಯಾವ ಜಾತಿ ಸರ್ಟಿಫಿಕೇಟ್ ಹಚ್ಚಲಿ?

ವಕೀಲರು: ತವರಿನದನ್ನೇ, ಕೇಂದ್ರದ ನಮೂನೆಯಲ್ಲಿ. ತಂದೆಯ ಹೆಸರಿನಲ್ಲಿರಲಿ, ಗಂಡನ ಹೆಸರಿನಲ್ಲಿ ಬೇಡ. ಕೊನೇ ದಿನದ ತನಕ ಕಾಯದೆ ಈ ವಾರವೇ ಜಹೀರಾಬಾದಿಗೆ ಹೋಗಿ ಬನ್ನಿ.