ಕಥೆ ಒಂದೇ, ಜೋಡಿ ಬೇರೆ: ಏಷ್ಯಾದ ಪ್ರೇಮ ಧಾರಾವಾಹಿಗಳಲ್ಲಿ ಕೆಮಿಸ್ಟ್ರಿ ಎಲ್ಲಿಂದ ಬರುತ್ತದೆ?

ತಿಳಿನೀರು (ಪ್ರಶ್ನೆ)

ಕಾವೊರು ತಾದಾ ಅವರ 'ಇತಾಝುರಾ ನಾ ಕಿಸ್' ಎಂಬ ಜಪಾನಿ ಮಾಂಗಾವನ್ನು (ಚಿತ್ರಕಥಾ ಪುಸ್ತಕವನ್ನು) ಆಧರಿಸಿದ ಮೂರು ಧಾರಾವಾಹಿಗಳನ್ನು ಈಚೆಗೆ ಒಂದರ ಹಿಂದೆ ಒಂದರಂತೆ ನೋಡಿದೆ. ಏರಿಯಲ್ ಲಿನ್ ಮತ್ತು ಜೋ ಚೆಂಗ್ ನಟಿಸಿದ 2005ರ ತೈವಾನಿನದು, ಜಂಗ್ ಸೋ-ಮಿನ್ ಮತ್ತು ಕಿಮ್ ಹ್ಯುನ್-ಜೂಂಗ್ ನಟಿಸಿದ 2010ರ ಕೊರಿಯಾದ್ದು, ಹೊನೊಕಾ ಮಿಕಿ ಮತ್ತು ಯೂಕಿ ಫುರುಕಾವಾ ನಟಿಸಿದ 2013ರ ಜಪಾನಿನದು. ಓದಿನಲ್ಲಿ ಹಿಂದುಳಿದ ಹುಡುಗಿಯೊಬ್ಬಳು ಶಾಲೆಯ ಅತಿ ಬುದ್ಧಿವಂತ ಹುಡುಗನಿಗೆ ಮನಸ್ಸು ಕೊಟ್ಟು, ಅವನಿಂದ ನಿಷ್ಠುರವಾಗಿ ತಿರಸ್ಕೃತಳಾಗಿ, ಬಳಿಕ ಇದ್ದ ಮನೆಯನ್ನು ಕಳೆದುಕೊಂಡು ತಂದೆಯೊಡನೆ ಅದೇ ಹುಡುಗನ ಮನೆ ಸೇರುವುದು ಮೂರರಲ್ಲೂ ಇದೆ. ಆದರೂ ತೈವಾನಿನ ಜೋಡಿಯನ್ನು ಬಿಟ್ಟೇಳಲು ಮನಸ್ಸಾಗಲಿಲ್ಲ. ಕೊರಿಯಾದ ಜೋಡಿಯನ್ನು ನೋಡುವಾಗ ಅರ್ಧಕ್ಕೇ ಫೋನಿನ ಕಡೆ ಕೈ ಹೋಗುತ್ತಿತ್ತು. ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿರುವಾಗ ಇಷ್ಟೊಂದು ವ್ಯತ್ಯಾಸ ಉಂಟುಮಾಡುವ ಈ ಕೆಮಿಸ್ಟ್ರಿ ನಟರದೇ, ಬರವಣಿಗೆಯದೇ, ಅಥವಾ ಕೇವಲ ನನ್ನ ಅಭಿರುಚಿಯೇ?

ಹಳೆಯ ವೀಕ್ಷಕ

ಜೋಡಿಯನ್ನು ಒರೆಗೆ ಹಚ್ಚಲು ಈ ಕಥೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇದರ ನಾಯಕ ಬಹುಪಾಲು ಕಂತುಗಳಲ್ಲಿ ಪ್ರೀತಿಯ ಮಾತನ್ನೇ ಆಡುವುದಿಲ್ಲ. ನಾಯಕಿ ಬೆನ್ನು ತಿರುಗಿಸಿದ ಮೇಲೂ ಅವನ ದೃಷ್ಟಿ ಅರೆಕ್ಷಣ ಅಲ್ಲೇ ನಿಲ್ಲಬೇಕು, ಅವಳ ಪೆದ್ದುತನವನ್ನು ಬೈಯುವ ಮುನ್ನ ತುಟಿಯ ಅಂಚಿನಲ್ಲಿ ಏನೋ ಸುಳಿದು ಮಾಯವಾಗಬೇಕು. ಇಲ್ಲದಿದ್ದರೆ ಅವನು ಬರೀ ಒರಟನಾಗಿಯೂ ಅವಳು ಮಾನಗೆಟ್ಟವಳಾಗಿಯೂ ಕಾಣುತ್ತಾರೆ. ಜೋ ಚೆಂಗ್, ಫುರುಕಾವಾ ಇಬ್ಬರಲ್ಲೂ ನನಗೆ ಆ ಸುಳಿವು ಸಿಕ್ಕಿತು. ಕೊರಿಯಾದ ನಾಯಕನ ಮುಖ ಚೆಲುವಾಗಿದೆ, ಆದರೆ ಎದುರಿಗೆ ಯಾರು ನಿಂತರೂ ಅದು ಒಂದೇ ರೀತಿ ಇರುತ್ತದೆ ಎಂಬುದು ನನ್ನ ಅನಿಸಿಕೆ.

ಇದರಲ್ಲಿ ಜಂಗ್ ಸೋ-ಮಿನ್ ಅವರ ತಪ್ಪೇನೂ ಇಲ್ಲವೆನ್ನಲು ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಅವರೇ ನಾಯಕಿಯಾಗಿರುವ 2017ರ ಧಾರಾವಾಹಿ 'ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್'ನಲ್ಲಿ ಲೀ ಮಿನ್-ಕಿ ಮಾಡಿರುವ ಪಾತ್ರವೂ ಭಾವನೆಗಳನ್ನು ಹೊರಗೆ ಬಿಡದ ಗಂಡಸಿನದೇ. ಮನೆಯ ಮಾಲೀಕ ಮತ್ತು ಬಾಡಿಗೆದಾರಳು ಅನುಕೂಲಕ್ಕಾಗಿ ಮದುವೆಯಾಗುವ ಕಥೆ ಅದು. ಅದೇ ನಟಿ, ಅದೇ ಜಾತಿಯ ನಾಯಕ, ಆದರೆ ಇಲ್ಲಿ ಅವಳ ಮಾತು ಅವನಿಗೆ ತಾಗುತ್ತಿರುವುದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಆದ್ದರಿಂದ ಕೆಮಿಸ್ಟ್ರಿಯನ್ನು ಮುತ್ತಿನ ದೃಶ್ಯಗಳಲ್ಲಿ ಅಳೆಯದೆ, ಒಬ್ಬರು ಮಾತಾಡುವಾಗ ಇನ್ನೊಬ್ಬರ ಮುಖದಲ್ಲಿ ಏನು ನಡೆಯುತ್ತಿದೆ ಎಂಬುದರಲ್ಲಿ ಅಳೆಯಬೇಕು.

ಮುಸ್ಸಂಜೆ

ನಟರಿಗೆ ನೀವು ಕೊಟ್ಟ ಶ್ರೇಯಸ್ಸು ಸ್ವಲ್ಪ ಹೆಚ್ಚಾಯಿತು. ಕೊರಿಯಾದ ನಟ ಹ್ಯುನ್ ಬಿನ್ ಮತ್ತು ನಟಿ ಸನ್ ಯೆ-ಜಿನ್ 2018ರಲ್ಲೇ ಒಂದು ಸಿನಿಮಾದಲ್ಲಿ ಒಟ್ಟಿಗೆ ನಟಿಸಿದ್ದರು. ಅದರಲ್ಲಿ ಒಬ್ಬರು ಒತ್ತೆಯಾಳುಗಳನ್ನಿಟ್ಟುಕೊಂಡವರು, ಇನ್ನೊಬ್ಬರು ಸಂಧಾನಕಾರ್ತಿ, ಮಾತುಕತೆಯೆಲ್ಲ ಬಹುತೇಕ ಪರದೆಗಳ ಮೂಲಕ. ಅದನ್ನು ನೋಡಿ ಇವರು ಒಳ್ಳೆಯ ಪ್ರೇಮಜೋಡಿ ಎಂದುಕೊಂಡವರು ಹೆಚ್ಚಿಗೆ ಇರಲಾರರು. 2019ರ ಡಿಸೆಂಬರಿನಲ್ಲಿ ಆರಂಭವಾದ ಧಾರಾವಾಹಿ 'ಕ್ರಾಷ್ ಲ್ಯಾಂಡಿಂಗ್ ಆನ್ ಯೂ' ಅವರಿಗೆ ಪರಸ್ಪರ ಮಾಡಲು ಕೆಲಸ ಕೊಟ್ಟಿತು. ಉತ್ತರ ಕೊರಿಯಾದ ಸೇನಾಧಿಕಾರಿಯ ಬಳಿ ದಕ್ಷಿಣದ ಶ್ರೀಮಂತೆ ಸುವಾಸನೆಯ ಮೇಣದಬತ್ತಿ ಕೇಳುತ್ತಾಳೆ, ಅವನು ತಿಳಿಯದೆ ಮಾಮೂಲಿ ಮೇಣದಬತ್ತಿ ತರುತ್ತಾನೆ. ಮುಂದೆ ಕತ್ತಲಾದ ಸಂತೆಯಲ್ಲಿ ಅವಳು ದಾರಿ ತಪ್ಪಿ ಕಂಗಾಲಾದಾಗ, ಜನರ ತಲೆಗಳ ಮೇಲೆ ಉರಿಯುವ ಬತ್ತಿಯೊಂದನ್ನು ಎತ್ತಿ ಹಿಡಿದು ನಿಲ್ಲುತ್ತಾನೆ. ಈ ಸಲ ಅದು ಅವಳು ಕೇಳಿದ್ದ ಸುವಾಸನೆಯದೇ. ಅವಳ ಮಾತನ್ನು ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂಬುದನ್ನು ಬರೆದವರು ಲೇಖಕಿ ಪಾರ್ಕ್ ಜಿ-ಉನ್. ಅಷ್ಟು ಬರೆದುಕೊಟ್ಟರೆ ನಟ ಸುಮ್ಮನೆ ನಿಂತಿದ್ದರೂ ಸಾಕು. ಆ ಇಬ್ಬರು 2022ರಲ್ಲಿ ನಿಜವಾಗಿ ಮದುವೆಯಾದ ಮೇಲೆ ಎಲ್ಲರೂ ಹಿಂದಕ್ಕೆ ಹೋಗಿ ಪ್ರತಿ ನೋಟದಲ್ಲೂ ಪ್ರೇಮ ಹುಡುಕುತ್ತಿರುವುದು ಬೇರೆ ಮಾತು.

ಅರ್ಧಚಂದ್ರ

ಧ್ವನಿಯ ವಿಷಯವನ್ನು ಇಬ್ಬರೂ ಬಿಟ್ಟಿದ್ದೀರಿ. ಚೀನಾದ ಅನೇಕ ಧಾರಾವಾಹಿಗಳಲ್ಲಿ ತೆರೆಯ ಮೇಲಿನ ನಟರ ಬದಲು ಕಂಠದಾನ ಕಲಾವಿದರು ಮಾತನಾಡಿರುತ್ತಾರೆ. ಎದುರಿನವರ ಮಾತಿಗೆ ಉಸಿರು ತಡೆದು ಪ್ರತಿಕ್ರಿಯಿಸುವ ಆ ಸೂಕ್ಷ್ಮ ಸ್ಟುಡಿಯೋದಲ್ಲಿ ಕಳೆದುಹೋದರೆ, ಸಬ್‌ಟೈಟಲ್ ಓದುವ ನಮಗೂ ಜೋಡಿ ಗಾಜಿನ ಹಿಂದೆ ನಿಂತಂತೆ ಕಾಣುತ್ತದೆ.

ಉದ್ದವೂ ಮುಖ್ಯ. 2016ರ ಜಪಾನಿನ 'ನಿಗೆರು ವಾ ಹಾಜಿ ದಾಗಾ ಯಾಕು ನಿ ತಾತ್ಸು' 11 ಕಂತುಗಳಲ್ಲಿ ಮುಗಿಯುತ್ತದೆ. ಒಪ್ಪಂದದ ಮದುವೆಯಲ್ಲಿರುವ ಯುಯಿ ಅರಗಾಕಿ ಮತ್ತು ಗೆನ್ ಹೊಶಿನೊ ಅವರ ಪಾತ್ರಗಳು ವಾರಕ್ಕೊಮ್ಮೆ ಅಪ್ಪಿಕೊಳ್ಳುವ ದಿನವನ್ನು ಗೊತ್ತುಮಾಡಿಕೊಳ್ಳುತ್ತವೆ. ಕಚೇರಿ ಕೆಲಸದಷ್ಟು ಶಿಸ್ತಾಗಿ ನಡೆಯುವ ಆ ಅಪ್ಪುಗೆ 58 ಕಂತುಗಳ ಚೀನಾದ ಫ್ಯಾಂಟಸಿಗಳಲ್ಲಿ ನಾನು ಕಂಡ ಎಷ್ಟೋ ಜನ್ಮಾಂತರದ ವಿರಹಗಳಿಗಿಂತ ಹೆಚ್ಚು ಎದೆ ಬಡಿಸಿತು.

ತಿಳಿನೀರು

ಮುಸ್ಸಂಜೆಯವರ ವಾದ ಒಪ್ಪಿದರೆ 2020ರ ಕೊರಿಯಾದ ಧಾರಾವಾಹಿ 'ಸ್ಟಾರ್ಟ್-ಅಪ್' ಬಗ್ಗೆ ಏನು ಹೇಳಬೇಕು? ಬರವಣಿಗೆ ನಾಯಕಿ ಸುಝಿಯನ್ನು ನಾಯಕ ನಾಮ್ ಜೂ-ಹ್ಯುಕ್ ಜೊತೆ ಸೇರಿಸಿತು, ಆದರೆ ದೊಡ್ಡ ಸಂಖ್ಯೆಯ ವೀಕ್ಷಕರ ಮನಸ್ಸು ಸೆಕೆಂಡ್ ಲೀಡ್ (ಅವಳನ್ನು ಪ್ರೀತಿಸುವ ಎರಡನೆಯ ನಾಯಕ) ಕಿಮ್ ಸೊನ್-ಹೋ ಕಡೆಗೇ ವಾಲಿತು.

ಮುಸ್ಸಂಜೆ

ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಚಿಕ್ಕಂದಿನಲ್ಲಿ ಒಂಟಿಯಾಗಿದ್ದ ನಾಯಕಿಗೆ ಬೇರೊಬ್ಬನ ಹೆಸರಿನಲ್ಲಿ ಪತ್ರ ಬರೆದವನು ಆ ಸೆಕೆಂಡ್ ಲೀಡ್. ಪತ್ರದ ಹೆಸರು ನಾಯಕನದು, ಮಾತುಗಳು ಇವನವು. ಆರಂಭದಲ್ಲೇ ಇವನಿಗೂ ಅವಳಿಗೂ ಅಂಥದ್ದೊಂದು ಗತವನ್ನು ಕಟ್ಟಿಕೊಟ್ಟ ಬಳಿಕ, ಕೊನೆಗೆ ಬೇರೊಬ್ಬನನ್ನು ಮೆಚ್ಚಿರೆಂದರೆ ವೀಕ್ಷಕರು ಹೇಗೆ ಕೇಳುತ್ತಾರೆ? ಮರುವರ್ಷ 'ಹೋಮ್‌ಟೌನ್ ಚಾ-ಚಾ-ಚಾ'ದಲ್ಲಿ ಆ ನಟನೇ ನಾಯಕನಾದಾಗ ಶಿನ್ ಮಿನ್-ಆ ಜೊತೆ ಅಷ್ಟೇ ಚೆನ್ನಾಗಿ ಒಪ್ಪಿದನಲ್ಲ ಎಂದು ಹಳೆಯ ವೀಕ್ಷಕರು ಈಗ ಕೇಳುತ್ತಾರೆ, ಗೊತ್ತು.

ಹಳೆಯ ವೀಕ್ಷಕ

ಅದನ್ನೇ ಕೇಳಲು ಬಂದಿದ್ದೆ. ಜೊತೆಗೆ ಇನ್ನೊಂದನ್ನೂ ಸೇರಿಸುತ್ತೇನೆ: ಕೊರಿಯಾದ 'ಗಾಬ್ಲಿನ್' ಧಾರಾವಾಹಿಯಲ್ಲಿ ಎರಡನೆಯ ಜೋಡಿಯಾಗಿದ್ದ ಲೀ ಡಾಂಗ್-ವೂಕ್ ಮತ್ತು ಯೂ ಇನ್-ನಾ ಅವರನ್ನು 2019ರ 'ಟಚ್ ಯುವರ್ ಹಾರ್ಟ್'ನಲ್ಲಿ ನಾಯಕ ನಾಯಕಿಯರನ್ನಾಗಿಸಿದರು. ವಕೀಲ ಮತ್ತು ಅವನ ಕಚೇರಿಗೆ ಬರುವ ನಟಿಯ ಆ ಕಥೆ ನೀರಿನಷ್ಟು ತೆಳು, ಆದರೂ ನಾನು 16 ಕಂತುಗಳನ್ನೂ ನೋಡಿ ಮುಗಿಸಿದೆ. ಅಷ್ಟು ತೆಳುವಾದ ಬರವಣಿಗೆ ನನ್ನನ್ನು ಕೊನೆಯವರೆಗೆ ಹಿಡಿದಿಟ್ಟಿತೆಂದು ಮುಸ್ಸಂಜೆಯವರು ಹೇಳುವುದಾದರೆ, ಯಾವ ದೃಶ್ಯದಲ್ಲಿ ಎಂಬುದನ್ನೂ ತಿಳಿಸಲಿ.