ಪದ ಬೇಕು: ಕವಿತೆ ಓದಿ ಆಡುವ ಮಾತಿಗೆ ಏನೆನ್ನೋಣ? (ಇವತ್ತು ಸಂಜೆಯೊಳಗೆ)

ಶಿವಮೊಗ್ಗದಿಂದ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ವಾಟ್ಸಾಪ್ ಗುಂಪಿದೆ. ಬರೆಯುವವರು ಕವಿತೆ ಹಾಕುತ್ತಾರೆ, ಉಳಿದವರು ಓದಿ ಮಾತಾಡಲಿ ಅನ್ನೋದು ಆಸೆ. ಆಗೋದೇ ಬೇರೆ. ಕೈಮುಗಿದ ಚಿತ್ರ, ಗುಲಾಬಿ ಹೂವು, "ಸೂಪರ್ ಸರ್". ಅಲ್ಲಿಗೆ ಮುಗೀತು. ಅದಕ್ಕೇ ಈ ಭಾನುವಾರ ಗ್ರಂಥಾಲಯದ ಹಾಲ್‌ನಲ್ಲಿ ಎಲ್ಲರೂ ಸೇರುತ್ತಿದ್ದೇವೆ. ಕವಿತೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತೇವೆ. ಪಕ್ಕದಲ್ಲಿ ಚೀಟಿ, ಪೆನ್ಸಿಲ್. ಓದಿದವರು ಬರೆದು ಅದೇ ಕ್ಲಿಪ್ಪಿಗೆ ಸಿಕ್ಕಿಸಬೇಕು.

ಬಟ್ಟೆ ಬ್ಯಾನರಿಗೆ ಎರಡು ಸಾಲು ಬೇಕು. ಇಂಗ್ಲಿಷಿನಲ್ಲಿ ಸಿದ್ಧ ಇದೆ: ಶೇರ್ ಎ ಪೊಯಮ್, ರೆಸ್ಪಾಂಡ್ ಟು ಎ ಪೊಯಮ್. ಶೇರ್‌ಗೆ "ಹಂಚಿಕೊಳ್ಳಿ" ಅಂತ ಇಟ್ಟಿದ್ದೇನೆ. ರೆಸ್ಪಾಂಡ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರತಿಕ್ರಿಯೆ, ಸ್ಪಂದನೆ, ಅನಿಸಿಕೆ ಮೂರನ್ನೂ ಬರೆದು ನೋಡಿದೆ. ಬರೀ ಹೊಗಳಬೇಕು ಅಂತ ಅನ್ನಿಸಬಾರದು, ತಪ್ಪು ಹುಡುಕಬೇಕು ಅಂತಲೂ ಅನ್ನಿಸಬಾರದು. ಪೇಂಟರ್ ಆರು ಗಂಟೆಗೆ ಬರುತ್ತಾರೆ. ಅಕ್ಷರದ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಚಿಕ್ಕದಿದ್ದಷ್ಟೂ ಒಳ್ಳೇದು.

ಮೈಸೂರಿನಿಂದ, 10:05

ಮೊದಲು "ಹಂಚಿಕೊಳ್ಳಿ" ತೆಗೆಯಿರಿ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುತ್ತಾರೆ. ಹಂಚಿಕೊಂಡಷ್ಟೂ ಒಬ್ಬೊಬ್ಬರ ಪಾಲು ಕಡಿಮೆ. ಕವಿತೆಗೆ ಆ ಕಾಟವಿಲ್ಲ. ಕನ್ನಡದಲ್ಲಿ ಪದ್ಯ ಓದುತ್ತೇವೆ, ಹೇಳುತ್ತೇವೆ, ಒಪ್ಪಿಸುತ್ತೇವೆ.

ಎರಡನೆಯದಕ್ಕೆ ಅಚ್ಚಗನ್ನಡದಲ್ಲೇ ಪದವಿದೆ: ಓಗೊಡು. ಓ + ಕೊಡು, ಆದೇಶಸಂಧಿ. ಕರೆದವರಿಗೆ "ಓ" ಅನ್ನೋದು. ಕವಿ ಕರೆಯುತ್ತಾನೆ, ಓದುಗ ಓಗೊಡುತ್ತಾನೆ. ಬ್ಯಾನರ್: "ಕವಿತೆ ಒಪ್ಪಿಸಿ, ಕವಿತೆಗೆ ಓಗೊಡಿ." ಇದರಲ್ಲಿ ಚರ್ಚೆಗೇನೂ ಇಲ್ಲ.

ಬೆಂಗಳೂರಿನಿಂದ, 10:31

"ಚರ್ಚೆಗೇನೂ ಇಲ್ಲ" ಅಂದಿದ್ದಕ್ಕೇ ಬರೆಯುತ್ತಿದ್ದೇನೆ ಸರ್. ಒಪ್ಪಿಸು ಅಂದ ಕೂಡಲೇ ಕೈಕಟ್ಟಿ ನಿಂತು ಮಗ್ಗಿ ಒಪ್ಪಿಸಿದ್ದು ನೆನಪಾಗುತ್ತೆ. ಮರೆತರೆ ಏಟು.

ಓಗೊಡು ಚೆಂದದ ಪದ, ಒಪ್ಪಿದೆ. ಆದರೆ ಅದರೊಳಗೆ "ಆಯ್ತು" ಅನ್ನೋದು ಸೇರಿಕೊಂಡಿದೆ. "ಬಂದ್ ಕರೆಗೆ ಓಗೊಟ್ಟು ಅಂಗಡಿ ಮುಚ್ಚಿದರು" ಅಂತೀವಿ. ಓಗೊಟ್ಟೂ ಅಂಗಡಿ ತೆರೆದಿದ್ದರು ಅಂತ ಯಾರೂ ಹೇಳಲ್ಲ. ಕೊನೇ ನಾಲ್ಕು ಸಾಲು ಬೇಡವಾಗಿತ್ತು ಅಂತ ಬರೆಯೋ ಓದುಗನನ್ನು ಓಗೊಟ್ಟವನು ಅನ್ನೋಕಾಗುತ್ತಾ?

ಸ್ಪಂದನೆಯೂ ಬೇಡ. "ಚಿಕಿತ್ಸೆಗೆ ಸ್ಪಂದಿಸದೆ ನಿಧನರಾದರು" ಅಂತ ಪೇಪರಿನಲ್ಲಿ ಓದಿ ಓದಿ ಆ ಪದಕ್ಕೆ ಆಸ್ಪತ್ರೆ ವಾಸನೆ ಹತ್ತಿದೆ. ಪ್ರತಿಕ್ರಿಯೆ ಅಂದ್ರೆ ಸಚಿವರು ನೀಡಲು ನಿರಾಕರಿಸುವಂಥದ್ದು. ಇಷ್ಟು ಹೇಳಿ ನನ್ನ ಕಡೆಯಿಂದ ಪದ ಯಾವುದೂ ಇಲ್ಲ. ಬೈಯ್ಯಬೇಡಿ.

ದಾವಣಗೆರೆಯಿಂದ, 10:44

ಹಿಂಬರಹ? ಮುನ್ನುಡಿ, ಬೆನ್ನುಡಿ ಇದ್ದ ಹಾಗೆ. ಕವಿತೆಯ ಹಿಂದೆ ಬರೆಯೋದು.

ಹಾಸನದಿಂದ, 10:52

ದಯವಿಟ್ಟು ಬೇಡ. ತಾಲ್ಲೂಕು ಕಚೇರಿಯಲ್ಲಿ ನಾನು ಜೀವಮಾನವಿಡೀ ಬರೆದಿದ್ದೇ ಹಿಂಬರಹ. ಅರ್ಜಿ ಕೊಟ್ಟವರಿಗೆ "ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ" ಅಂತ ಸೀಲು ಹಾಕಿ ಕಳಿಸೋ ಕಾಗದ ಅದು. ಪಾಪ, ಕವಿಗಳು ಮೇಲ್ಮನವಿ ಹಾಕಬೇಕಾಗುತ್ತೆ. ಟಿಪ್ಪಣಿಯದ್ದೂ ಅದೇ ಕಥೆ. ಅದು ಕಡತದ ಪದ. ಕೆಳಗೆ "ಆದೇಶಕ್ಕಾಗಿ ಮಂಡಿಸಿದೆ" ಅಂತ ಬರೆಯೋವರೆಗೂ ಕೈ ಸುಮ್ನಿರಲ್ಲ.

ಮೈಸೂರಿನಿಂದ, 11:20

ಪದ ಹಾಳಾದರೆ ಬಿಸಾಡೋದಲ್ಲ, ತೊಳೆದು ಬಳಸಬೇಕು. ಟೀಕೆ ಅನ್ನೋದನ್ನೇ ನೋಡಿ. ಅದರ ಮೂಲ ಅರ್ಥ ವಿವರಣೆ. ಕಷ್ಟದ ಪದ್ಯಕ್ಕೆ ಟೀಕು ಬರೆಯುತ್ತಿದ್ದರು. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರನ್ನು ಟೀಕಾಚಾರ್ಯರು ಅಂತಲೇ ಕರೆಯುತ್ತೇವೆ. ಗೌರವದ ಪದ. ಈಗ ವಿರೋಧ ಪಕ್ಷದವರು ಮಾಡೋದು ಮಾತ್ರ ಟೀಕೆ ಆಗಿದೆ. ಓಗೊಡು ಒಪ್ಪದಿದ್ದರೆ ಟೀಕೆ ಇಡಿ.

ಬೆಂಗಳೂರಿನಿಂದ, 11:26

"ಟೀಕೆ ಬರೆಯಿರಿ" ಅಂತ ಬ್ಯಾನರ್ ಹಾಕಿದರೆ ಭಾನುವಾರ ಕವಿಗಳು ಯಾರೂ ಬರಲ್ಲ. ಬೆಳಿಗ್ಗೆ ಅಚ್ಚಗನ್ನಡ ಬೇಕಿತ್ತು, ಈಗ ಸಂಸ್ಕೃತ ಆದರೂ ಆಗುತ್ತಾ?

ಕಲಬುರಗಿಯಿಂದ, 12:15

ದೊಡ್ಡವರೆಲ್ಲ ಮಾತಾಡಿದ ಮೇಲೆ ನಂದೊಂದು. ನಮ್ಮ ಕಡೆ ಈ ತಾಪತ್ರಯ ಇಲ್ಲ. ಗಜಲ್ ಓದುವ ಕಡೆ ದಾದ್ ಅಂತಾರೆ. ಪಾರಸಿಯಲ್ಲಿ ದಾದ್ ಅಂದ್ರೆ ನ್ಯಾಯ. "ದಾದು ಇಲ್ಲ, ಫಿರ್ಯಾದು ಇಲ್ಲ" ಅಂತೀವಲ್ಲ, ಅದೇ ದಾದು. ದಾದ್ ಕೊಡೋದು ಅಂದ್ರೆ ಆ ಸಾಲಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋದು. ಸುಮ್ನೆ ಹೊಗಳೋದಲ್ಲ.

ಅದು ನಡೆಯೋ ರೀತಿ ನೋಡಬೇಕು ನೀವು. ಕವಿ ಶೇರಿನ (ಇಂಗ್ಲಿಷಿನ ಶೇರ್ ಅಲ್ಲ, ಗಜಲಿನ ಎರಡು ಸಾಲಿನ ಪದ್ಯ) ಮೊದಲ ಸಾಲು ಹೇಳ್ತಾನೆ. ಕೇಳಿದವರು ಆ ಸಾಲನ್ನು ತಾವೂ ಹೇಳ್ತಾರೆ. ಕವಿ ಮತ್ತೊಮ್ಮೆ ಹೇಳ್ತಾನೆ, ಬೇಕಂತಲೇ ತಡ ಮಾಡ್ತಾನೆ. ಎರಡನೇ ಸಾಲು ಶುರುವಾಗಿ ಕಾಫಿಯಾ, ಅಂದ್ರೆ ಪ್ರಾಸದ ಪದ, ಬಂದ ಕೂಡಲೇ ಮುಂದಿನ ರದೀಫನ್ನು, ಅಂದ್ರೆ ಪ್ರತಿ ಶೇರಿನ ಕೊನೆಗೂ ಮರಳಿ ಬರೋ ಪದವನ್ನು, ಜನರೇ ಕೂಗಿಬಿಡ್ತಾರೆ. ಹಿಡಿಸಿದರೆ ಇನ್ನೊಮ್ಮೆ ಹೇಳಿಸ್ತಾರೆ. ಹಿಡಿಸದಿದ್ದರೆ ಹಾಲ್ ಸುಮ್ಮನಿರುತ್ತೆ, ಕವಿಗೆ ಅಲ್ಲೇ ಗೊತ್ತಾಗುತ್ತೆ. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದ ಮೇಲೆ ನಮ್ಮ ಕಡೆ ಈಗ ಕನ್ನಡದಲ್ಲೇ ಇದೆಲ್ಲ ಆಗುತ್ತೆ.

ನಮ್ಮ ಕವಿಗೋಷ್ಠಿಗಳನ್ನು ನೋಡಿ. ಕವಿ ಬಂದ, ಓದಿದ, ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡ, ಬಸ್ ಸ್ಟ್ಯಾಂಡಿಗೆ ಹೋದ. ಅಧ್ಯಕ್ಷರು ಕೊನೆಗೆ ಎದ್ದು "ಸಮಯದ ಅಭಾವ" ಅಂತ ಶುರು ಮಾಡಿ ಒಂದೊಂದು ಕವಿತೆಗೆ ಒಂದೊಂದು ವಾಕ್ಯ ಹೇಳುವಾಗ ಮುಂದೆ ಕೂತಿರೋದು ಮೈಕಿನವನು ಮಾತ್ರ.

ದಾದ್ ಬೇಡ ಅಂದರೆ ಜವಾಬು ಇಡಿ. ಹರದೇಶಿ-ನಾಗೇಶಿ ಲಾವಣಿಯಲ್ಲಿ ಸವಾಲ್-ಜವಾಬ್ ಇದೆ. ಒಬ್ಬರು ಪದ ಕಟ್ಟಿ ಸವಾಲು ಹಾಕಿದರೆ ಎದುರಿನವರು ಪದದಲ್ಲೇ ಜವಾಬು ಕೊಡಬೇಕು. ಕವಿತೆಗೆ ಕವಿತೆಯೇ ಉತ್ತರ. ಇದಕ್ಕಿಂತ ಏನು ಬೇಕು?

ಮೈಸೂರಿನಿಂದ, 12:40

ಗಜಲ್ ಬೇರೆ, ಕನ್ನಡ ಕವಿತೆ ಬೇರೆ. ಪಾರಸಿ ಬೇಡ. ಮುಳುಗುಂದದ ನಯಸೇನ 1112ರಲ್ಲೇ ಧರ್ಮಾಮೃತದಲ್ಲಿ ಕೇಳಿದ್ದಾನೆ: "ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ." ಶುದ್ಧಗನ್ನಡಕ್ಕೆ ಸಂಸ್ಕೃತ ಸುರಿಯೋದಕ್ಕೇ ಅವನ ವಿರೋಧ. ಪಾರಸಿ ಕಂಡಿದ್ದರೆ ಏನನ್ನುತ್ತಿದ್ದನೋ.

ಕಲಬುರಗಿಯಿಂದ, 12:47

ಘೃತ ಅಂದ್ರೆ ತುಪ್ಪ, ತೈಲ ಅಂದ್ರೆ ಎಣ್ಣೆ. ಎರಡಕ್ಕೂ ಕನ್ನಡ ಪದ ಇದ್ದವಲ್ಲ ಮೇಷ್ಟ್ರೇ? ಬೆರೆಸಬೇಡಿ ಅಂತ ಹೇಳೋಕೇ ಅವನಿಗೆ ಎರಡು ಸಂಸ್ಕೃತ ಪದ ಬೇಕಾದವು.

ಮೈಸೂರಿನಿಂದ, 12:58

ಅದು ಬೇಕೆಂದೇ ಮಾಡಿದ ಕೊಂಕು. ಅರ್ಥವಾಗದವರಿಗೆ ಹೇಳಿ ಪ್ರಯೋಜನವಿಲ್ಲ. ಆಂಡಯ್ಯ ಸಂಸ್ಕೃತ ತತ್ಸಮ ಬಳಸದೆ ಇಡೀ ಕಾವ್ಯ ಬರೆದು ತೋರಿಸಿದ. ಮನಸ್ಸು ಬೇಕು ಅಷ್ಟೆ.

ಬೆಂಗಳೂರಿನಿಂದ, 1:10

ಆ ಕಾವ್ಯದ ಹೆಸರು "ಕಬ್ಬಿಗರ ಕಾವ". ಕಬ್ಬಿಗ ಬಂದಿದ್ದು ಕಬ್ಬದಿಂದ, ಕಬ್ಬ ಬಂದಿದ್ದು ಕಾವ್ಯದಿಂದ. ತತ್ಸಮ ಬಾಗಿಲಲ್ಲಿ ಬಿಡಲಿಲ್ಲ, ತದ್ಭವ ಕಿಟಕಿಯಲ್ಲಿ ಬಂತು. ಅದರಲ್ಲಿ ತಪ್ಪೇನಿಲ್ಲ, ಆಂಡಯ್ಯನೇ ಅದಕ್ಕೆ ಒಪ್ಪಿದ್ದ. ನಮಗ್ಯಾಕೆ ಅವನಿಗಿಂತ ಜಾಸ್ತಿ ಮಡಿ?

ಜವಾಬು ಮಾತ್ರ ನನಗೂ ಬೇಡ. ನಮ್ಮ ಕಡೆ "ಇದಕ್ಕೆ ಯಾರು ಜವಾಬು ಹೇಳೋರು?" ಅಂದರೆ ಜಗಳ ಶುರುವಾಯ್ತು ಅಂತ ಅರ್ಥ. ಕಲಬುರಗಿಯಲ್ಲಿ ನಡೆದೀತು, ಶಿವಮೊಗ್ಗದಲ್ಲಿ ಚೀಟಿ ಬರೆಯೋಕೆ ಹೆದರುತ್ತಾರೆ.

ನ್ಯೂಜೆರ್ಸಿಯಿಂದ, 1:30

ಇಷ್ಟೆಲ್ಲ ಯಾಕೆ? "ಕಾಮೆಂಟ್ ಮಾಡಿ." ಎಲ್ಲರಿಗೂ ಗೊತ್ತು. ಇಲ್ಲಿ ನಮ್ಮ ಮಕ್ಕಳಿಗೂ ಗೊತ್ತು.

ಮೈಸೂರಿನಿಂದ, 1:33

ಹಾಗಾದರೆ ಕವಿತೆಯನ್ನೂ ಇಂಗ್ಲಿಷಿನಲ್ಲೇ ಬರೆಸಿ.

ದಾವಣಗೆರೆಯಿಂದ, 1:50

ಮಾರ್ನುಡಿ? ಮರುಮಾತು? ಮಾರ್ದನಿ ಇದ್ದ ಹಾಗೆ.

ಬೆಂಗಳೂರಿನಿಂದ, 1:58

ಮರುಮಾತಾಡಬೇಡ ಅಂತ ಅಮ್ಮ ಯಾವಾಗ ಅನ್ನುತ್ತಿದ್ದರು ಅಂತ ನೆನಪಿಸಿಕೊಳ್ಳಿ. ಮಾರ್ದನಿ ಅಂದರೆ ಹೇಳಿದ್ದನ್ನೇ ಬಂಡೆ ವಾಪಸ್ ಹೇಳೋದು. ಗುಲಾಬಿ ಹೂವಿಗಿಂತ ಅದೇನು ಮೇಲಲ್ಲ.

ಸಾಗರದಿಂದ, 3:15

ಊಟ ಮುಗಿಸಿ ಈಗ ಎಲ್ಲ ಓದಿದೆ. ಶಿವಮೊಗ್ಗದವರು ಬೆಳಿಗ್ಗೆ ಬರೆದ ಮೂರರಲ್ಲಿ ಅನಿಸಿಕೆಯನ್ನು ಯಾರೂ ಮುಟ್ಟಲಿಲ್ಲ. ನಂಗೆ ಅದೇ ಹತ್ತಿರದ್ದು.

"ನಾನು ಅಭಿಪ್ರಾಯ ಕೊಡುತ್ತೇನೆ" ಅಂದಾಗ ನಾನು ಕುರ್ಚಿ ಎಳೆದು ಕೂತ ಹಾಗೆ. ಅನಿಸು ಕ್ರಿಯಾಪದದಲ್ಲಿ ಆ "ನಾನು" ಇಲ್ಲ. "ನನಗೆ ಅನ್ನಿಸಿತು." ಹಸಿವಾಯಿತು, ನೆನಪಾಯಿತು ಅನ್ನೋ ಸಾಲಿನದು. ನಾನು ಮಾಡಿದ್ದಲ್ಲ, ನನಗೆ ಆಗಿದ್ದು. ಕವಿತೆ ಓದಿದವರಿಂದ ನಮಗೆ ಬೇಕಾಗಿರೋದೂ ಅದೇ ಅಲ್ವಾ? ಎರಡನೇ ಪದ್ಯದ ಹತ್ತಿರ ಬೇಜಾರು ಬಂತು ಅಂತಲೂ ಬರೆಯಬಹುದು, ಅಜ್ಜಿ ನೆನಪಾದಳು ಅಂತಲೂ ಬರೆಯಬಹುದು. ಎರಡೂ ತೀರ್ಪಲ್ಲ.

ನಿಮ್ಮ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ಕೇಳಿರಬೇಕು ನೀವು. ಗಮಕಿ ಕುಮಾರವ್ಯಾಸನ ಪದ್ಯ ಹಾಡಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಎತ್ತಿಕೊಳ್ಳುತ್ತಾರೆ. ಪದ್ಯದ ಅರ್ಥ ಬಿಡಿಸುತ್ತಾರೆ. ಅದು ವ್ಯಾಖ್ಯಾನ, ಅದಕ್ಕೆ ಓದು ಬೇಕು, ಪಾಂಡಿತ್ಯ ಬೇಕು. ಕೆಳಗೆ ಕೂತ ನಮಗೆ ಅಷ್ಟೆಲ್ಲ ಬರಲ್ಲ. ಆದರೂ ಯಾವುದೋ ಒಂದು ಸಾಲಿಗೆ "ಆಹಾ" ಅಂತ ತಲೆ ಅಲ್ಲಾಡುತ್ತೆ. ಚೀಟಿಯಲ್ಲಿ ಬರಬೇಕಾದ್ದು ಆ ಸಾಲು ಯಾವುದು ಅಂತ.

ಮೈಸೂರಿನಿಂದ, 3:28

ಅನಿಸಿಕೆ ಹೋಟೆಲ್ ಕೌಂಟರಿನ ಪುಸ್ತಕದ ಪದ. ಶಾಲಾ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳ ಪದ. ಪುಟ ತಿರುವಿ ನೋಡಿ, ಎಲ್ಲರೂ "ತುಂಬಾ ಚೆನ್ನಾಗಿದೆ" ಅಂತಲೇ ಬರೆದಿರುತ್ತಾರೆ.

ಸಾಗರದಿಂದ, 3:50

ಇದು ನಿಜ ಮೇಷ್ಟ್ರೇ. ನಾಮಪದ ಮಾಡಿದ ಕೂಡಲೇ ಅದು ಪುಸ್ತಕದ ತಲೆಬರಹ ಆಗಿಬಿಡುತ್ತೆ. ಹಾಗಾದರೆ ನಾಮಪದವೇ ಬೇಡ. ನಾವು ಬೆಳಿಗ್ಗೆಯಿಂದ ಹೆಣಗಾಡುತ್ತಿರೋದು ಇಂಗ್ಲಿಷಿನ ಆ ಎರಡು ಸಾಲಿಗೆ ಪದಕ್ಕೆ ಪದ ಹುಡುಕಿಕೊಂಡು. ಆ ಸಾಲು ಮಡಿಸಿಡಿ. ಮನೆಗೆ ಬಂದವರು ನಿಮ್ಮ ಕವಿತೆ ಓದಿ ಸುಮ್ಮನೆ ಕೂತರೆ ಏನು ಕೇಳ್ತೀರಿ? "ಏನನ್ನಿಸಿತು?" ಅಂತ ತಾನೆ? ಅದನ್ನೇ ಬರೆಸಿ.

ನಿಮ್ಮ ಕವಿತೆ ತನ್ನಿ.
ಓದಿ ಏನನ್ನಿಸಿತು, ಬರೆಯಿರಿ.

ಪ್ರಶ್ನೆ ಕೇಳಿದರೆ "ಸೂಪರ್" ಅಂತ ಉತ್ತರ ಬರೆಯೋಕೆ ಸ್ವಲ್ಪ ನಾಚಿಕೆಯಾದರೂ ಆಗುತ್ತೆ. ಇನ್ನೂ ಬಿಗಿ ಮಾಡಬೇಕಾದರೆ ಚೀಟಿಯ ಮೇಲೆ "ಯಾವ ಸಾಲು?" ಅಂತ ಸಣ್ಣದಾಗಿ ಅಚ್ಚು ಹಾಕಿಸಿ.

ಹಾಸನದಿಂದ, 4:02

ಇದು ಸರಿಯಿದೆ. ಯಾವ ಕಡತದಲ್ಲೂ ಈ ವಾಕ್ಯ ನೋಡಿಲ್ಲ.

ಶಿವಮೊಗ್ಗದಿಂದ, 4:20

ಸಾಗರದ ಅಕ್ಕ, ಇದನ್ನೇ ಬರೆಸುತ್ತೇನೆ. ಬರೀ "ಅನಿಸಿಕೆ" ಅಂತ ಹಾಕೋದಕ್ಕಿಂತ ಅಕ್ಷರ ಜಾಸ್ತಿ, ಆದರೂ ಪರವಾಗಿಲ್ಲ. ಚೀಟಿಗೆ "ಯಾವ ಸಾಲು?" ಕೂಡ ಹಾಕುತ್ತೇನೆ. ಎಲ್ಲರಿಗೂ ಧನ್ಯವಾದ. ಕಲಬುರಗಿಯವರೇ, ಗಜಲ್ ಓದುವವರು ಇಬ್ಬರಿದ್ದಾರೆ, ಅವರ ಸರದಿಯಲ್ಲಿ ರದೀಫ್ ಕೂಗಿಸುವ ಜವಾಬ್ದಾರಿ ನಂದು.

ಮೈಸೂರಿನಿಂದ, 4:41

"ಅನಿಸಿತು" ಬರೆಸಿ, "ಅನ್ನಿಸಿತು" ಅಲ್ಲ. ಹಳಗನ್ನಡದಲ್ಲಿ ಎನಿಸು, ಈಗ ಅನಿಸು. ಅನು + ಇಸು. ಒತ್ತಕ್ಷರಕ್ಕೆ ಅಲ್ಲಿ ಜಾಗವಿಲ್ಲ.

ಬೆಂಗಳೂರಿನಿಂದ, 4:44

ಅನ್ನು + ಇಸು, ಅನ್ನಿಸು. ಎರಡೂ ಬಳಕೆಯಲ್ಲಿವೆ. ಬೆಳಿಗ್ಗೆಯಿಂದ ಈ ಎಳೆಯಲ್ಲೇ ಎರಡೂ ಇವೆ, ಯಾರಿಗೂ ಅರ್ಥವಾಗದೆ ಉಳಿದಿಲ್ಲ.

ಕಲಬುರಗಿಯಿಂದ, 5:05

ಪೇಂಟರಿಗೆ ಕೇಳಿ, ಒತ್ತಕ್ಷರಕ್ಕೆ ಬೇರೆ ರೇಟ್ ಇದೆಯಾ ಅಂತ. ಜವಾಬ್ದಾರಿ ಅನ್ನೋ ಪದ ನೋಡಿ ಖುಷಿಯಾಯ್ತು. ಜವಾಬು ಬೇಡ, ಜವಾಬ್ದಾರಿ ಬೇಕು.

ಮೈಸೂರಿನಿಂದ, 5:12

ಹೊಣೆ ಅನ್ನೋ ಪದ ಇದೆ. ಮತ್ತೆ ಭಾನುವಾರ ದಾದ್ ಕೊಡುವವರು ವಾಹ್ ಅನ್ನದೆ ಭಲೇ ಅನ್ನಲಿ.

ಬೆಂಗಳೂರಿನಿಂದ, 5:15

ಪದದ ಮೊದಲಲ್ಲೇ ಮಹಾಪ್ರಾಣ ಇದೆಯಲ್ಲ ಸರ್. ಭಲೇ ಅಚ್ಚಗನ್ನಡ ಆಗಿದ್ದು ಯಾವಾಗ?

ನಿರ್ವಾಹಕರಿಂದ, 5:20

ಭಲೇ ಬಗ್ಗೆ ಬರೆಯೋರು ಹೊಸ ಎಳೆ ಶುರು ಮಾಡಿ.